ಅಂಬಾಸಿಡರ್ ಎಂಜಿನ್ನಿನ ಮುಂಭಾಗ: ಆ ತಗಡಿನ ಬಟ್ಟಲು ಯಾವ ಕಡೆಗೆ, ಆಯಿಲ್ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ 1976ರ ಅಂಬಾಸಿಡರ್ ಮಾರ್ಕ್ 3 ಇದೆ, ಪೆಟ್ರೋಲ್ ಗಾಡಿ. ಎಂಜಿನ್ ಪೂರ್ತಿ ಬಿಚ್ಚಿ ಬೋರ್ ಮಾಡಿಸಿದೆವು. ಕ್ರ್ಯಾಂಕ್ ಗ್ರೈಂಡಿಂಗ್ ಆಯಿತು, ಪಿಸ್ಟನ್, ಬೇರಿಂಗ್, ಟೈಮಿಂಗ್ ಚೈನ್ ಎಲ್ಲ ಹೊಸದು. ಸ್ಟಾರ್ಟ್ ಮಾಡಿದ ಮರುದಿನದಿಂದಲೇ ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಎರಡು ಸಲ ಸೀಲ್ ಬದಲಾಯಿಸಿದೆವು, ಎರಡನೇ ಸಲ ಎರಡು ಪ್ಯಾಕಿಂಗ್ ಇಟ್ಟು ಸಿಲಿಕೋನ್ ಕೂಡ ಹಚ್ಚಿದೆವು, ಪ್ರಯೋಜನವಿಲ್ಲ. ಒಳಗೆ ತಗಡಿನ ಬಟ್ಟಲಿನಂಥ ದೊಡ್ಡ ವಾಷರ್ ಒಂದಿದೆ. ಒಬ್ಬ ಮೆಕ್ಯಾನಿಕ್ ಅದರ ತಗ್ಗು ಎಂಜಿನ್ ಕಡೆಗಿರಬೇಕು ಅಂದರು, ಇನ್ನೊಬ್ಬರು ರೇಡಿಯೇಟರ್ ಕಡೆಗೆ ಅಂದರು, ಮೂರನೆಯವರು ರಬ್ಬರ್ ಸೀಲ್ ಇದ್ದರೆ ಅದು ಬೇಡವೇ ಬೇಡ ಎಂದು ತೆಗೆದಿಟ್ಟರು. ಪುಲ್ಲಿಯ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೆರೆ ಇದೆ. ಚೈನ್ ಕಡೆಯಿಂದ ಸದ್ದೂ ಬರುತ್ತಿದೆ. ಕ್ರ್ಯಾಂಕ್ ಮೂತಿಯಲ್ಲಿ ತೆಳ್ಳಗಿನ ಶಿಮ್‌ಗಳಿದ್ದ ನೆನಪು, ಗ್ರೈಂಡಿಂಗ್‌ನಿಂದ ಬಂದ ಮೇಲೆ ಅವು ಕಾಣಲಿಲ್ಲ. ಮತ್ತೆ ಬಿಚ್ಚುವ ಮೊದಲು ಕೇಳೋಣ ಎಂದು ಬರೆಯುತ್ತಿದ್ದೇನೆ.

ಉತ್ತರ: ಸೋರಿಕೆ ಮತ್ತು ಸದ್ದು, ಎರಡರ ಗುಟ್ಟೂ ನಿಮ್ಮ ಪತ್ರದಲ್ಲೇ ಇದೆ. ಬಟ್ಟಲು ಹೊರಗೆ ಉಳಿದಿದೆ, ಶಿಮ್ ಕಳೆದಿದೆ, ಪುಲ್ಲಿ ಸವೆದಿದೆ. ಈ ಮೂರನ್ನು ಸರಿಪಡಿಸದೆ ಮೂರನೇ ಸೀಲ್ ಹಾಕಿದರೂ ಅದೂ ಸೋರುತ್ತದೆ. ಸೀಲ್ ಕಂಪನಿಯನ್ನು ಬೈಯುವುದನ್ನು ಸದ್ಯಕ್ಕೆ ಬಿಡಿ.

ನಿಮ್ಮದು ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಕುಟುಂಬದ 1489 ಸಿಸಿ ಎಂಜಿನ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮತ್ತು ಎಂಜಿಎ ಕಾರುಗಳಲ್ಲಿದ್ದದ್ದು ಇದೇ ಎಂಜಿನ್. ಆಮೇಲೆ ಬಂದ ಎಂಜಿಬಿಯ 1798 ಸಿಸಿ ಎಂಜಿನ್ ಇದರ ದೊಡ್ಡ ರೂಪ. ಇದನ್ನು ಹೇಳಲು ಕಾರಣವಿದೆ: ಮುಂಭಾಗದ ರಚನೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಎಂಜಿಬಿ ಕೈಪಿಡಿಯ ಕ್ರಮ ನಿಮಗೂ ಕೆಲಸಕ್ಕೆ ಬರುತ್ತದೆ. ಆದರೆ ಬಿಡಿಭಾಗಗಳನ್ನು ಹೆಸರು ನೋಡಿ ಕೊಳ್ಳಬೇಡಿ, ಅಳತೆ ನೋಡಿ ಕೊಳ್ಳಿ.

ಕ್ರ್ಯಾಂಕ್ ಶಾಫ್ಟಿನ ಮುಂದಿನ ತುದಿ, ಅಂದರೆ ಮೂತಿಯ ಮೇಲೆ ಒಳಗಿನಿಂದ ಹೊರಕ್ಕೆ ಬರುವ ಸಾಲು ಹೀಗೆ: ತೆಳು ಶಿಮ್‌ಗಳು (ತಗಡಿನ ಬಿಲ್ಲೆಗಳು), ಚೈನ್ ಗೇರ್, ಆಯಿಲ್ ಥ್ರೋವರ್ (ನೀವು ಬಟ್ಟಲು ಎನ್ನುತ್ತಿರುವುದು ಇದೇ), ಪುಲ್ಲಿ, ಕಿವಿ ಮಡಚುವ ಲಾಕ್ ವಾಷರ್, ಕೊನೆಗೆ ಹ್ಯಾಂಡಲ್ ಸಿಕ್ಕಿಸುವ ದೊಡ್ಡ ನಟ್. ಆ ಒಂದೇ ನಟ್ ಇಡೀ ಸಾಲನ್ನು ಅದುಮಿ ಹಿಡಿಯುತ್ತದೆ. ಹಾಗಾಗಿ ನಡುವೆ ಒಂದು ತುಂಡು ಇಲ್ಲದಿದ್ದರೆ ಅದರ ಮುಂದಿರುವುದೆಲ್ಲ ಅಷ್ಟು ಹಿಂದೆ ಸರಿಯುತ್ತದೆ.

ಥ್ರೋವರ್ ಯಾಕೆ ಬೇಕು

ಚೈನ್ ಆಯಿಲಿನಲ್ಲಿ ನೆನೆದೇ ತಿರುಗುತ್ತದೆ. ಮುಂದಿನ ಮೇನ್ ಬೇರಿಂಗಿನಿಂದ ಹೊರಬರುವ ಆಯಿಲ್ ಕೂಡ ಕ್ರ್ಯಾಂಕ್ ಮೂತಿಯ ಗುಂಟ ಮುಂದಕ್ಕೆ ಹರಿಯುತ್ತದೆ. ಇಷ್ಟೆಲ್ಲ ನೇರವಾಗಿ ಬಂದು ಬಡಿದರೆ ತಡೆಯುವ ಶಕ್ತಿ ಆ ಪುಟ್ಟ ಸೀಲಿಗಿಲ್ಲ. ಥ್ರೋವರ್ ಕ್ರ್ಯಾಂಕಿನ ಜೊತೆಗೇ ತಿರುಗುತ್ತ ತನ್ನ ಬೆನ್ನಿಗೆ ಬಿದ್ದ ಆಯಿಲನ್ನು ಅಂಚಿನಿಂದ ಸುತ್ತಲೂ ಎರಚುತ್ತದೆ. ಆಯಿಲ್ ಚೈನನ್ನು ಮುಚ್ಚುವ ಕವರಿನ ಗೋಡೆಗೆ ಬಡಿದು ಕೆಳಗಿಳಿದು ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್ ಸೇರುತ್ತದೆ. ಸೀಲಿನ ತುಟಿಗೆ ಉಳಿಯುವುದು ಒಂದಿಷ್ಟು ಪಸೆ ಮಾತ್ರ, ತುಟಿ ಬಾಳಿಕೆ ಬರಲು ಅಷ್ಟು ಸಾಕು.

ರಬ್ಬರ್ ಸೀಲ್ ಇದ್ದರೆ ಥ್ರೋವರ್ ಬೇಡ ಎಂಬ ಮಾತು ತಪ್ಪು. ಬಿಎಂಸಿಯವರು ಫೆಲ್ಟ್ (ಒತ್ತಿದ ಉಣ್ಣೆಯ) ಸೀಲ್ ಬಿಟ್ಟು ರಬ್ಬರ್ ಸೀಲಿಗೆ ಬಂದಾಗ ಥ್ರೋವರನ್ನು ತೆಗೆಯಲಿಲ್ಲ, ಹೊಸ ಸೀಲಿಗೆ ಹೊಂದುವಂತೆ ಅದರ ಆಕಾರ ಬದಲಿಸಿದರು. ಮೂರೂ ಮೆಕ್ಯಾನಿಕರ ಮಾತು ಬೇರೆಬೇರೆಯಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು, ಏಕೆಂದರೆ ಥ್ರೋವರಿನಲ್ಲಿ ಎರಡು ಬಗೆ ಇವೆ.

ಹಳೆಯ ಬಗೆ ಫೆಲ್ಟ್ ಇರುವ ಕವರಿನದು. ಅದರ ತಗ್ಗು ಭಾಗ ಎಂಜಿನ್ನಿಗೆ ಬೆನ್ನು ಹಾಕಿ ರೇಡಿಯೇಟರ್ ಕಡೆಗೆ ನೋಡಬೇಕು. ಕವರಿನ ಒಳಗಡೆ ಸೀಲ್ ಕೂರುವ ಉಬ್ಬು ಆ ತಗ್ಗಿನ ಆಸರೆಯಲ್ಲಿ ಉಳಿಯುತ್ತದೆ. ಹೊಸ ಬಗೆ ರಬ್ಬರ್ ಸೀಲಿನ ಕವರಿನದು. ಅದರ ಒಂದು ಮುಖದಲ್ಲಿ ಇಂಗ್ಲಿಷಿನ ‘ಎಫ್’ ಅಕ್ಷರ ಒತ್ತಿರುತ್ತದೆ, ಆ ಮುಖ ಎಂಜಿನ್ನಿನಿಂದ ಹೊರಗಡೆಗೆ ಬರಬೇಕು. ಐವತ್ತು ವರ್ಷದ ಮಸಿಯಡಿ ಅಕ್ಷರ ಮುಚ್ಚಿಹೋಗಿರುತ್ತದೆ, ಸೀಮೆಎಣ್ಣೆಯಲ್ಲಿ ತೊಳೆದು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ.

ಇಲ್ಲಿ ಬಹಳ ಜನ ಎಡವುವುದು ದಿಕ್ಕಿನಲ್ಲಲ್ಲ, ಜೋಡಿಯಲ್ಲಿ. ಹಳೆಯ ಕವರಿಗೆ ಹಳೆಯ ಥ್ರೋವರ್, ಹೊಸ ಕವರಿಗೆ ಹೊಸ ಥ್ರೋವರ್. ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಬೇಕು. ಗುಜರಿಯಿಂದ ರಬ್ಬರ್ ಸೀಲಿನ ಕವರ್ ತಂದು ನಿಮ್ಮ ಹಳೆಯ ಬಟ್ಟಲನ್ನೇ ಉಳಿಸಿಕೊಂಡಿದ್ದರೆ, ಅದನ್ನು ಹೇಗೆ ತಿರುಗಿಸಿ ಹಾಕಿದರೂ ಸರಿಹೋಗದು.

ತಿರುವುಮುರುವಾಗಿ ಹಾಕಿದರೆ ಏನಾಗುತ್ತದೆ? ತಗ್ಗು ಚೈನ್ ಕಡೆ ತಿರುಗಿ ಆಯಿಲನ್ನು ಬಾಚಿಕೊಳ್ಳುತ್ತದೆ, ಸೀಲಿಗೆ ಮರೆ ಇಲ್ಲವಾಗುತ್ತದೆ. ಅಂಚು ಚೈನಿಗೆ ಉಜ್ಜುವ ಸಾಧ್ಯತೆಯೂ ಇದೆ. ಉಜ್ಜಿದರೆ ತಗಡಿನ ಚೂರು ಸಂಪಿಗಿಳಿಯುತ್ತದೆ. ಹೊಸ ಬೇರಿಂಗ್ ಹಾಕಿದ ಎಂಜಿನ್ನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಥ್ರೋವರೇ ಇಲ್ಲದಿದ್ದರೆ ಪುಲ್ಲಿ ಒಂದು ತಗಡಿನ ದಪ್ಪದಷ್ಟು ಹಿಂದೆ ಸರಿದು, ಸೀಲಿನ ತುಟಿ ಪುಲ್ಲಿಯ ಬೇರೆ ಜಾಗದಲ್ಲಿ ಕೂರುತ್ತದೆ. ಗೆರೆ ಇರುವ ಪುಲ್ಲಿಯಲ್ಲಿ ಇದರಿಂದ ಸ್ವಲ್ಪ ದಿನ ಸೋರಿಕೆ ನಿಂತಂತೆಯೂ ಕಾಣಬಹುದು, ನಂಬಬೇಡಿ.

ಜೋಡಿ ಸರಿಯಿದೆಯೇ ಎಂಬ ಅನುಮಾನ ಉಳಿದರೆ ಹೀಗೆ ಮಾಡಿ. ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಕವರಿನ ಒಳಗಡೆ ಸೀಲ್ ಉಬ್ಬಿನ ಸುತ್ತ ತೆಳ್ಳಗೆ ಮೆತ್ತಿ. ಕವರ್, ಪುಲ್ಲಿ ಕೂರಿಸಿ ನಟ್ ಬಿಗಿ ಮಾಡಿ ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ನೋಡಿ. ಜೇಡಿಯ ಮೇಲೆ ಗೀಚು ಬಿದ್ದಿದ್ದರೆ ಥ್ರೋವರ್ ತಾಗುತ್ತಿದೆ. ನೋಡಿ ಆದ ಮೇಲೆ ಜೇಡಿಯ ಒಂದು ಕಣವೂ ಉಳಿಯದಂತೆ ತೆಗೆಯಿರಿ.

ಕಳೆದುಹೋದ ಶಿಮ್‌ಗಳು

ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋದಾಗ ಕಳೆಯುವ ಮೊದಲ ವಸ್ತುವೇ ಇದು. ಆಯಿಲಿನಲ್ಲಿ ಮೂತಿಗೆ ಅಂಟಿಕೊಂಡಿರುತ್ತವೆ, ತೊಳೆಯುವಾಗ ಜಾರಿ ಬೀಳುತ್ತವೆ, ಯಾರೂ ಗಮನಿಸುವುದಿಲ್ಲ. ಕೆಳಗಿನ ಗೇರನ್ನು ಮೇಲಿನ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಗೇರಿನ ಸಾಲಿಗೆ ತರುವುದು ಇವುಗಳ ಕೆಲಸ. ಇಲ್ಲದಿದ್ದರೆ ಚೈನ್ ಓರೆಯಾಗಿ ಓಡುತ್ತದೆ, ಗೇರಿನ ಹಲ್ಲಿನ ಪಕ್ಕೆ ಸವೆಯುತ್ತದೆ, ಹೊಸ ಚೈನೂ ಸದ್ದು ಮಾಡುತ್ತದೆ. ನಿಮ್ಮ ಸದ್ದಿಗೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಅಳೆಯುವುದು ಕಷ್ಟವಲ್ಲ. ಶಿಮ್ ಇಲ್ಲದೆ ಎರಡೂ ಗೇರನ್ನು ಚೈನ್ ಇಲ್ಲದೆ ಪೂರ್ತಿ ಹಿಂದಕ್ಕೆ ಕೂರಿಸಿ. ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಹಿಂದಕ್ಕೆ ಒತ್ತಿಹಿಡಿಯಿರಿ. ಕ್ಯಾಮ್ ಗೇರಿನ ಹಲ್ಲುಗಳ ಪಕ್ಕೆಗೆ ಅಡ್ಡಲಾಗಿ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಕೆಳಗಿನ ಗೇರಿಗೂ ಪಟ್ಟಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಬಂದ ಅಳತೆಯಿಂದ 5 ಥೌ, ಅಂದರೆ 0.005 ಇಂಚು (0.13 ಮಿಮೀ) ಕಳೆಯಿರಿ. ಉಳಿದಷ್ಟು ದಪ್ಪದ ಶಿಮ್ ಬೇಕು. ಸಂದು 28 ಥೌ ಬಂದರೆ 23 ಥೌ ಶಿಮ್. ಶಿಮ್ ಹಾಕುವ ಮೊದಲು ಮೂತಿಯ ಕೀಗಳನ್ನು (ಗೇರ್, ಪುಲ್ಲಿ ಜಾರದಂತೆ ಹಿಡಿಯುವ ಉಕ್ಕಿನ ತುಂಡುಗಳು) ತೆಗೆಯಬೇಕಾಗುತ್ತದೆ. ಶಿಮ್ ಸಿಗದಿದ್ದರೆ ಶಿಮ್ ಸ್ಟೀಲ್ ಹಾಳೆಯಿಂದ ಕತ್ತರಿಸಬಹುದು. ಅಂಚಿನ ಮುಳ್ಳು ಉಜ್ಜಿ ತೆಗೆಯಿರಿ, ತಗಡಿನ ಡಬ್ಬ ಕತ್ತರಿಸಿ ಮಾಡಬೇಡಿ.

ಕೀಗಳ ಬಗ್ಗೆಯೂ ಒಂದು ಮಾತು. ಅರ್ಧಚಂದ್ರದ ಈ ಕೀ ತನ್ನ ಗುಂಡಿಯಲ್ಲಿ ಓಲಾಡಬಲ್ಲದು. ಗೇರ್ ತಳ್ಳುವಾಗ ಕೀಯ ಹಿಂದಿನ ತುದಿ ಮೇಲೆದ್ದರೆ ಗೇರ್ ಅದರ ಮೇಲೇರಿ ಅರ್ಧದಲ್ಲೇ ನಿಲ್ಲುತ್ತದೆ, ಸುತ್ತಿಗೆ ಏಟು ಬೀಳುವುದು ಆಗಲೇ. ಕೀಯ ಮೇಲ್ಮೈ ಶಾಫ್ಟಿಗೆ ಸಮನಾಂತರವಾಗಿ ಕೂತಿದೆ ಎಂದು ಕಂಡ ಮೇಲಷ್ಟೇ ಗೇರ್ ತಳ್ಳಿ. ಪೆಟ್ಟು ತಿಂದ ಕೀ ಎಸೆದು ಹೊಸದು ಹಾಕಿ. ಮೆದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಮಾಡಿದ ಕೀ ಕೆಲವೇ ದಿನಗಳಲ್ಲಿ ಸಡಿಲವಾಗಿ ಕ್ರ್ಯಾಂಕಿನ ಗುಂಡಿಯನ್ನೇ ಅಗಲ ಮಾಡಿಬಿಡುತ್ತದೆ. ಕೀ ಹೋದರೆ ಬದಲಿಸಬಹುದು, ಗುಂಡಿ ಹೋದರೆ ಕ್ರ್ಯಾಂಕೇ ಮತ್ತೆ ಹೊರಬರಬೇಕು.

ಚೈನ್ ಹಾಕುವಾಗ ಕ್ರ್ಯಾಂಕಿನ ಕೀ ನೆಟ್ಟಗೆ ಮೇಲಕ್ಕೆ, ಕ್ಯಾಮ್ ಕೀ ಗಡಿಯಾರದ ಒಂದು ಗಂಟೆಯ ಕಡೆಗೆ, ಎರಡು ಗೇರಿನ ಚುಕ್ಕಿ ಒಂದಕ್ಕೊಂದು ಎದುರು. ಗೇರ್ ಎರಡನ್ನೂ ಚೈನಿನೊಳಗಿಟ್ಟು ಒಟ್ಟಿಗೇ ತಳ್ಳಿ. ಡಿಸ್ಟ್ರಿಬ್ಯೂಟರ್ ಕೂರಿಸಲು ಈ ಚುಕ್ಕಿಗಳನ್ನು ನಂಬಬೇಡಿ. ನಾಲ್ಕನೇ ಸಿಲಿಂಡರಿನ ಎರಡೂ ವಾಲ್ವ್ ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ಇರುವಾಗ ಒಂದನೆಯದು ಫೈರಿಂಗಿನಲ್ಲಿರುತ್ತದೆ, ಅದನ್ನೇ ನೋಡಿ.

ನಿಮ್ಮದರಲ್ಲಿ ಚೈನನ್ನು ಬಿಗಿಯಾಗಿಡುವ ರಬ್ಬರ್ ತಲೆಯ ಟೆನ್ಷನರ್ ಇದ್ದರೆ, ಕೂರಿಸಿದ ಮೇಲೆ ಅದನ್ನು ಬಿಡುಗಡೆ ಮಾಡಿದ್ದೀರಾ ನೋಡಿ. ಕೆಳಗಿನ ಪ್ಲಗ್ ತೆಗೆದು 1/8 ಇಂಚಿನ ಆಲನ್ ಕೀ ತೂರಿಸಿ ಬಲಕ್ಕೆ ತಿರುಗಿಸಿದಾಗ ತಲೆ ಹೊರಚಿಮ್ಮಿ ಚೈನಿಗೆ ಒರಗಬೇಕು. ಇದನ್ನು ಮರೆತರೆ ಟೆನ್ಷನರ್ ಒಳಗೇ ಮುದುರಿಕೊಂಡು ಕೂರುತ್ತದೆ, ಚೈನ್ ಕವರಿಗೆ ಬಡಿಯುತ್ತದೆ. ಅದರ ಸಿಲಿಂಡರಿನ ಬಾಯಿ 3 ಥೌಗಿಂತ ಹೆಚ್ಚು ಮೊಟ್ಟೆಯಾಕಾರವಾಗಿದ್ದರೆ ಪೂರ್ತಿ ಬದಲಿಸಿ. ತಲೆಯ ರಬ್ಬರಿನಲ್ಲಿ ಚೈನ್ ಆಳವಾದ ಕಾಲುವೆ ಕೊರೆದಿದ್ದರೂ ಅಷ್ಟೇ.

ಗೆರೆ ಬಿದ್ದ ಪುಲ್ಲಿ

ಉಗುರು ಸಿಕ್ಕುತ್ತದೆ ಎಂದರೆ ಆ ಗೆರೆಯ ಮೇಲೆ ಯಾವ ಸೀಲೂ ನಿಲ್ಲದು. ನಿಮ್ಮ ಮುಂದೆ ನಾಲ್ಕು ದಾರಿ ಇವೆ.

ಒಳ್ಳೆಯ ಪುಲ್ಲಿ ಹುಡುಕುವುದು ಎಲ್ಲಕ್ಕಿಂತ ಸುಲಭ. ಆದರೆ ಬೇರೆ ಮಾರ್ಕಿನ ಗಾಡಿಯಿಂದ ತಂದರೆ ಪುಲ್ಲಿಯ ಅಂಚಿನ ಟೈಮಿಂಗ್ ಗುರುತು ನಿಮ್ಮ ಕವರಿನ ಮುಳ್ಳಿಗೆ ಹೊಂದದೆ ಇರಬಹುದು. ಪ್ಲಗ್ ತೂತಿನಿಂದ ಒಂದನೇ ಪಿಸ್ಟನ್ನಿನ ಮೇಲ್ತುದಿ ಪತ್ತೆಮಾಡಿ ಗುರುತನ್ನು ತಾಳೆ ನೋಡದೆ ಇಗ್ನಿಷನ್ ಟೈಮಿಂಗ್ ಮಾಡಬೇಡಿ.

ಎರಡನೆಯದು ಸವೆದ ಜಾಗಕ್ಕೆ ತೆಳು ಸ್ಟೇನ್‌ಲೆಸ್ ತೋಳು ತೊಡಿಸುವುದು. ಎಸ್‌ಕೆಎಫ್‌ನ ಸ್ಪೀಡಿ ಸ್ಲೀವ್ ಈ ಕೆಲಸಕ್ಕೇ ಇರುವುದು. ದಪ್ಪ ಸುಮಾರು 0.28 ಮಿಮೀ ಮಾತ್ರ, ಆದ್ದರಿಂದ ಸೀಲಿನ ಅಳತೆ ಬದಲಿಸಬೇಕಿಲ್ಲ. ಪುಲ್ಲಿಯ ಕುತ್ತಿಗೆಯನ್ನು ಸವೆಯದ ಜಾಗದಲ್ಲಿ ಮೈಕ್ರೋಮೀಟರಿನಿಂದ ಅಳೆದೇ ತರಿಸಿ. ಗೆರೆಯೊಳಗೆ ಲೋಹದ ಪುಟ್ಟಿ ತುಂಬಿ, ಅದು ಹಸಿಯಿರುವಾಗಲೇ ತೋಳಿನ ಜೊತೆಗೆ ಬರುವ ಬಟ್ಟಲಿನಿಂದ ಒಂದೇ ಸಮನೆ ತಟ್ಟಿ ಕೂರಿಸಿ. ಓರೆಯಾದರೆ ತೋಳು ಸುಕ್ಕುಗಟ್ಟುತ್ತದೆ, ಎರಡನೇ ಅವಕಾಶ ಇಲ್ಲ. ಪುಲ್ಲಿ ನೆಟ್ಟಗಿದ್ದು ಗೆರೆಯೊಂದೇ ತೊಂದರೆಯಾಗಿದ್ದರೆ ನಾನು ಹೇಳುವುದು ಇದನ್ನೇ.

ಮೂರನೆಯದು, ಸೀಲನ್ನು ಕವರಿನಲ್ಲಿ ಒಂದು ಮಿಲಿಮೀಟರಿನಷ್ಟು ಒಳಗೆ ಅಥವಾ ಹೊರಗೆ ಸರಿಸಿ, ತುಟಿ ಹೊಸ ಜಾಗದಲ್ಲಿ ಕೂರುವಂತೆ ಮಾಡುವುದು. ಖರ್ಚಿಲ್ಲ. ಕವರಿನಲ್ಲಿ ಜಾಗವಿದ್ದರೆ ಮಾತ್ರ ಸಾಧ್ಯ, ಒಳಗೆ ಸರಿಸಿದರೆ ಥ್ರೋವರಿಗೆ ತಾಗುವುದೇ ನೋಡಬೇಕು.

ನಾಲ್ಕನೆಯದು ನಮ್ಮೂರುಗಳಲ್ಲಿ ಹೆಚ್ಚು ನಡೆಯುವಂಥದು: ವೆಲ್ಡಿಂಗ್ ತುಂಬಿಸಿ ಲೇತ್‌ನಲ್ಲಿ ತಿರುಗಿಸುವುದು. ಇದನ್ನು ನಾನು ಒಪ್ಪುವುದಿಲ್ಲ. ಶಾಖಕ್ಕೆ ಪುಲ್ಲಿ ತಿರುಚಿಕೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ, ಲೇತ್ ಉಳಿ ಬಿಡುವ ಗುರುತು ಸ್ಕ್ರೂವಿನ ಸುತ್ತಿನಂತೆ ಸುರುಳಿಯಾಗಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ತಿರುಗುವಾಗ ಆಯಿಲನ್ನು ತುಟಿಯಡಿಯಿಂದ ಹೊರಕ್ಕೆ ಪಂಪ್ ಮಾಡಬಲ್ಲದು. ಇದು ಕಟ್ಟುಕಥೆಯಲ್ಲ. ನಿಮ್ಮ ಎಂಜಿನ್ನಿನ ಹಿಂದಿನ ತುದಿಯಲ್ಲಿ ತುಟಿಯ ಸೀಲೇ ಇಲ್ಲ, ಕ್ರ್ಯಾಂಕಿನ ಮೇಲೆ ಬೇಕೆಂದೇ ಕೊರೆದ ಸುರುಳಿಯೊಂದು ಆಯಿಲನ್ನು ಒಳಕ್ಕೆ ಎಳೆದು ತರುತ್ತದೆ. ಹಿಂದೆ ಉಪಕಾರ ಮಾಡುವ ತತ್ವವೇ ಮುಂದೆ ಅಪಕಾರ ಮಾಡುತ್ತದೆ. ಲೇತ್ ಬಿಟ್ಟು ದಾರಿಯೇ ಇಲ್ಲವೆಂದರೆ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡಿಂಗಿನಲ್ಲಿ ಅಳತೆಗೆ ತರಿಸಿ. ಎಮರಿ ಕಾಗದ ಹಿಡಿಯುವಾಗಲೂ ಅದನ್ನು ಅತ್ತಿತ್ತ ಎಳೆಯದೆ ಒಂದೇ ಜಾಗದಲ್ಲಿ ನೆಟ್ಟಗೆ ಹಿಡಿಯಬೇಕು.

ಕವರ್ ಕೂರಿಸುವ ಕ್ರಮ

ಎರಡು ಪ್ಯಾಕಿಂಗ್ ಮತ್ತು ಸಿಲಿಕೋನ್ ವಿಷಯ. ಪುಲ್ಲಿಯ ಹಿಂದಿನಿಂದ ಬರುವ ಆಯಿಲಿಗೂ ಕವರಿನ ಪ್ಯಾಕಿಂಗಿಗೂ ಸಂಬಂಧವಿಲ್ಲ. ಕವರಿನ ಅಂಚಿನಿಂದ ಸೋರಿದರೆ ಅದಕ್ಕೆ ಸಾಮಾನ್ಯ ಕಾರಣ ತಗಡು ಬಾಗಿರುವುದು. ಬೋಲ್ಟ್ ತೂತುಗಳ ಸುತ್ತ ಹೆಚ್ಚು ಬಿಗಿದು ಬಿಗಿದು ಗುಳಿ ಬಿದ್ದಿರುತ್ತದೆ. ಕವರನ್ನು ಗಟ್ಟಿ ಮರದ ಮೇಲಿಟ್ಟು ಹಿಂದಿನಿಂದ ತಟ್ಟಿ, ಗಾಜಿನ ಹಲಗೆಯ ಮೇಲಿಟ್ಟು ಬೆಳಕು ನುಸುಳದವರೆಗೆ ಸಮ ಮಾಡಿ. ಆಮೇಲೆ ಒಂದೇ ಪ್ಯಾಕಿಂಗ್, ತೆಳ್ಳಗೆ ಗಟ್ಟಿಯಾಗದ ಸೀಲಂಟ್ ಸಾಕು. ದಪ್ಪಗೆ ಹಚ್ಚಿದ ಸಿಲಿಕೋನ್ ಒಳಕ್ಕೆ ಹಿಂಡಿಕೊಂಡು ಹುಳುವಿನಂತೆ ಕಿತ್ತು ಸಂಪಿನ ಜಾಲರಿಗೆ ಹೋಗಿ ಕೂರುತ್ತದೆ. ನೀವು ಈಗಾಗಲೇ ಹಚ್ಚಿರುವುದರಿಂದ ಸಂಪ್ ಬಿಚ್ಚಿ ಆ ಜಾಲರಿ ನೋಡಿಯೇ ಮುಂದುವರಿಯಿರಿ. ಇದನ್ನು ಆಮೇಲೆ ನೋಡೋಣ ಎಂದು ಬಿಡುವ ಹಾಗಿಲ್ಲ.

ಕವರಿನ ಹಿಂದಿರುವ ದಪ್ಪ ಪ್ಲೇಟನ್ನೂ ಮರೆಯಬೇಡಿ. ಅದರ ಬೋಲ್ಟುಗಳಲ್ಲಿ ಎರಡು ಮುಂದಿನ ಮೇನ್ ಬೇರಿಂಗ್ ಕ್ಯಾಪಿಗೇ ಹೋಗುತ್ತವೆ. ಕ್ಯಾಪ್ ಬ್ಲಾಕಿನ ಮುಖಕ್ಕೆ ಸಮವಾಗಿ ಕೂರದೆ ತುಸು ಹಿಂದೆ ಮುಂದೆ ಆಗಿದ್ದರೆ ಪ್ಲೇಟಿನ ಪ್ಯಾಕಿಂಗ್ ಅಲ್ಲಿ ಹಿಡಿಯುವುದಿಲ್ಲ, ಆಯಿಲ್ ಕೆಳಗಿಳಿದು ಸೀಲ್ ಸೋರಿದಂತೆಯೇ ಕಾಣುತ್ತದೆ.

ರಬ್ಬರ್ ಸೀಲನ್ನು ಸ್ಪ್ರಿಂಗ್ ಇರುವ ತುಟಿ ಎಂಜಿನ್ ಕಡೆಗೆ ಬರುವಂತೆ ಕೂರಿಸಿ. ತುಟಿಗಳ ನಡುವಿನ ಕಾಲುವೆಗೆ ಗ್ರೀಸ್ ತುಂಬಿ. ಒಣಗಿದ ತುಟಿ ಮೊದಲ ನಿಮಿಷದಲ್ಲೇ ಸುಡುತ್ತದೆ. ಫೆಲ್ಟ್ ಆಗಿದ್ದರೆ ಎಂಜಿನ್ ಆಯಿಲಿನಲ್ಲಿ ಚೆನ್ನಾಗಿ ನೆನೆಸಿ ಹಾಕಿ.

ಈಗ ಬಹುತೇಕರು ಬಿಟ್ಟುಬಿಡುವ ಹೆಜ್ಜೆ. ಕವರಿನ ಬೋಲ್ಟ್ ತೂತುಗಳು ಬೋಲ್ಟಿಗಿಂತ ದೊಡ್ಡವು, ಕವರ್ ಅತ್ತಿತ್ತ ಸರಿಯುತ್ತದೆ. ಮೊದಲೇ ಬಿಗಿದುಬಿಟ್ಟರೆ ಸೀಲಿನ ನಡು ಕ್ರ್ಯಾಂಕಿನ ನಡುವಿಗೆ ಸರಿಯಾಗಿ ಬರದು, ತುಟಿ ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಆದ್ದರಿಂದ ಬೋಲ್ಟುಗಳನ್ನು ಬೆರಳಿನಲ್ಲಿ ಮಾತ್ರ ಸೇರಿಸಿ. ಪುಲ್ಲಿಯ ಕುತ್ತಿಗೆಗೆ ಆಯಿಲ್ ಸವರಿ, ತಿರುಗಿಸುತ್ತ ಸೀಲಿನೊಳಕ್ಕೆ ಹಾಯಿಸಿ ಕೀಗೆ ಸೇರಿಸಿ. ಪುಲ್ಲಿ ತಾನೇ ಕವರನ್ನು ನಡುವಿಗೆ ತರುತ್ತದೆ. ಆಗ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪ ಬಿಗಿಯಿರಿ. ಎಂಜಿಬಿ ಕೈಪಿಡಿ ಹೇಳುವ ಬಿಗಿ 1/4 ಇಂಚಿನವಕ್ಕೆ 6 ಪೌಂಡ್-ಅಡಿ (8 ನ್ಯೂಟನ್ ಮೀಟರ್), 5/16 ಇಂಚಿನವಕ್ಕೆ 14 (19). ಇದು ಮಣಿಕಟ್ಟಿನ ಬಲ, ತೋಳಿನದಲ್ಲ.

ಪುಲ್ಲಿ ಹೋಗದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಆ ಏಟು ನಡುವಿನ ಮೇನ್ ಬೇರಿಂಗಿನ ಥ್ರಸ್ಟ್ ವಾಷರಿಗೆ ಮುಟ್ಟುತ್ತದೆ. ಮತ್ತೆ ತೆಗೆದು ಕೀ ನೋಡಿ, ಮುಳ್ಳು ಇದ್ದರೆ ಉಜ್ಜಿ.

ಪುಲ್ಲಿಯ ಒಳಗೆ ಕೀ ಕೂರುವ ಕಾಲುವೆಯ ಮೂಲಕವೂ ಆಯಿಲ್ ಹೊರಬರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಸೀಲ್ ತಡೆಯುವುದು ಪುಲ್ಲಿಯ ಹೊರಮೈಯನ್ನು ಮಾತ್ರ, ಒಳಮೈಗೂ ಕ್ರ್ಯಾಂಕಿಗೂ ನಡುವಿನ ಸಂದನ್ನಲ್ಲ. ಕೀಯ ಮೇಲೆ ಮತ್ತು ಲಾಕ್ ವಾಷರಿನ ಹಿಂಬದಿಗೆ ತೆಳ್ಳಗೆ ಸೀಲಂಟ್ ಸವರಿ. ದೊಡ್ಡ ನಟ್ಟಿಗೆ 70 ಪೌಂಡ್-ಅಡಿ (95 ನ್ಯೂಟನ್ ಮೀಟರ್) ಬಿಗಿ ಕೊಟ್ಟು, ಹೊಸ ಲಾಕ್ ವಾಷರಿನ ಕಿವಿ ಮಡಚಿ. ಎಂಜಿನ್ ಗಾಡಿಯಲ್ಲಿದ್ದರೆ ಟಾಪ್ ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಬಿಗಿಯಬಹುದು. ಸಂಪ್ ಬಿಚ್ಚಿದ್ದರೆ ಕ್ರ್ಯಾಂಕಿಗೂ ಬ್ಲಾಕಿಗೂ ನಡುವೆ ಮರದ ತುಂಡು. ಈ ನಟ್ ಸಡಿಲವಿದ್ದರೆ ಪುಲ್ಲಿ ಓಲಾಡಿ ಸೀಲ್, ಕೀ, ಗುಂಡಿ ಮೂರನ್ನೂ ತಿನ್ನುತ್ತದೆ.

ಇಷ್ಟಾದರೂ ಸೋರಿದರೆ

ಬ್ರೀದರ್ (ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ದಾರಿ) ನೋಡಿ. ಟ್ಯಾಪೆಟ್ ಪಕ್ಕದ ಕವರಿನಿಂದ ಕೆಳಗಿಳಿಯುವ ಪೈಪಿನಲ್ಲಿ ಮಸಿ ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿ ಎಷ್ಟು ಒಳ್ಳೆಯ ಸೀಲಿನಿಂದಲೂ ಆಯಿಲ್ ಹೊರದಬ್ಬುತ್ತದೆ. ಹೊಸ ರಿಂಗ್ ಕೂರುವ ಮೊದಲ ಕೆಲವು ನೂರು ಕಿಲೋಮೀಟರ್ ಗಾಳಿ ತುಸು ಹೆಚ್ಚೇ ಸೋರುತ್ತದೆ, ಆಗ ಬ್ರೀದರ್ ತೆರೆದಿರುವುದು ಇನ್ನೂ ಮುಖ್ಯ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಸೋರಿಕೆ ಕಡಿಮೆಯಾದರೆ ತಪ್ಪು ಸೀಲಿನದಲ್ಲ.

ಸೋರುವ ಜಾಗ ಹುಡುಕುವಾಗ ಫ್ಯಾನ್ ಮೋಸ ಮಾಡುತ್ತದೆ, ಆಯಿಲನ್ನು ಎಲ್ಲೆಲ್ಲೋ ಎರಚುತ್ತದೆ. ಮುಂಭಾಗವನ್ನು ಪೆಟ್ರೋಲಿನಿಂದ ತೊಳೆದು ಪೂರ್ತಿ ಒಣಗಿಸಿ. ಫ್ಯಾನ್ ಬೆಲ್ಟ್ ತೆಗೆದು ಕವರ್, ಪುಲ್ಲಿ, ಪ್ಲೇಟಿನ ಕೆಳಭಾಗಕ್ಕೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಒಂದೆರಡು ನಿಮಿಷ ಮಾತ್ರ ಓಡಿಸಿ, ಏಕೆಂದರೆ ಬೆಲ್ಟ್ ಇಲ್ಲದಾಗ ನೀರಿನ ಪಂಪೂ ತಿರುಗುವುದಿಲ್ಲ. ಎಲ್ಲಿ ಪೌಡರ್ ಮೊದಲು ಒದ್ದೆಯಾಗುತ್ತದೋ ಮೂಲ ಅಲ್ಲೇ. ಪುಲ್ಲಿಯ ಕುತ್ತಿಗೆಯಲ್ಲಾದರೆ ಸೀಲ್, ನಟ್ಟಿನ ಸುತ್ತ ಆದರೆ ಕೀ ಕೂರುವ ಕಾಲುವೆ, ಪ್ಲೇಟಿನ ತಳದಲ್ಲಾದರೆ ಮೇನ್ ಕ್ಯಾಪ್ ಅಥವಾ ಸಂಪಿನ ಕಾರ್ಕ್.

ಗೇರ್‌ಬಾಕ್ಸ್ ಮುಂದಿನ ಬೆಲ್ ಹೌಸಿಂಗ್ ತಳದಿಂದ ಒಂದೆರಡು ಹನಿ ಬೀಳುತ್ತಿದ್ದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಹಿಂದಿನ ಸುರುಳಿಯಿಂದ ಬರುವುದು. ಇಳಿಜಾರಿನಲ್ಲಿ ನಿಲ್ಲಿಸಿದಾಗ ಈ ಎಂಜಿನ್ ಅಷ್ಟು ಬಿಡುವುದು ಹೊಸದಿದ್ದಾಗಲೂ ಇತ್ತು.